ಅಕ್ಷರಕ್ಕೊಂದು ಮನೆ

ಕೆಲವರಿಗೆ ಸೀರೆಯ ಅಂಚು ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ಕೆಲವರಿಗೆ ಮಿರ್ಚಿ ಬಜ್ಜಿಯ ವಾಸನೆ ಬಂದರೆ. ನನ್ನ ಕಾಲು ನಿಲ್ಲುವುದು ಅಕ್ಷರದ ಮುಂದೆ. ಓದಲೇಬೇಕೆಂಬ ಹಟವೂ ನನಗಿಲ್ಲ, ನೋಡಿದರೆ ಸಾಕು. ನಾನು ಹೋಗಿ ಉಂಡು ಬಂದ ಮದುವೆಗಳ ಲಗ್ನಪತ್ರಿಕೆಗಳೆಲ್ಲ ಈಗಲೂ ನಮ್ಮ ಟ್ರಂಕಿನಲ್ಲಿವೆ. ಮದುಮಕ್ಕಳು ಯಾರೆಂಬುದು ಮರೆತೇ ಹೋಗಿದೆ. ಆದರೆ ಇಂಥ ಪತ್ರಿಕೆಯಲ್ಲಿ ‘ಶ್ರೀ’ಯ ಬಾಲ ಎರಡು ಸುತ್ತು ಸುತ್ತಿ ಮೇಲೆದ್ದಿತ್ತು, ಇಂಥದರಲ್ಲಿ ‘ಆಶೀರ್ವಾದ’ದ ದೀರ್ಘ ಪುಟದ ಅಂಚಿನವರೆಗೂ ಹೋಗಿ ಮುಟ್ಟಿತ್ತು ಎಂಬುದು ಚೆನ್ನಾಗಿ ನೆನಪಿದೆ. ನನ್ನದೇ ಮದುವೆಯಲ್ಲಿ ಪತ್ರಿಕೆಯ ಅಚ್ಚು ನೋಡಲು ಸೊರಬದ ಪ್ರೆಸ್ಸಿಗೆ ನಾಲ್ಕು ಸಲ ಹೋಗಿದ್ದೆ. ಹೆಣ್ಣು ನೋಡಲು ಹೋದದ್ದು ಒಂದೇ ಸಲ. ಇದನ್ನು ನನ್ನ ಹೆಂಡತಿ ಸುಮಿತ್ರಾ ಸಂದರ್ಭ ಬಂದಾಗಲೆಲ್ಲ ನೆನಪಿಸುತ್ತಾಳೆ. ಸಂದರ್ಭಗಳು ಬಹಳ ಬರುತ್ತವೆ.

ಇಂಥವನಿಗೆ ದೇವರು ಕೊಟ್ಟ ಕೆಲಸ ಟೈಪಿಸ್ಟಿನದು. ಅಂಜನಾಪುರದ ಕೆರೆಯಿಂದ ಹೊರಡುವ ನಾಲೆಯ ಒಂದು ಕವಲಿಗೆ ಅರವತ್ತು ಚಿಲ್ಲರೆ ರೈತರು ಸೇರಿ ಮಾಡಿಕೊಂಡ ಒಂದು ಸಣ್ಣ ಸಂಘವಿತ್ತು. ಅದರ ಕಚೇರಿ ಶಿಕಾರಿಪುರದಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ನಾನು ಸೊರಬದಿಂದ ದಿನವೂ ಬಸ್ಸಿನಲ್ಲಿ ಬಂದು, ಯೂರಿಯಾದ ವಾಸನೆಯ ನಡುವೆ ಕೂತು, ಸಂಘದ ಕಾಗದಪತ್ರ ಟೈಪು ಮಾಡಿ ಹೋಗುತ್ತಿದ್ದೆ. ಆ ಹಳೆಯ ಕನ್ನಡ ಟೈಪ್‌ರೈಟರನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ. ಅದರ ಅಕ್ಷರಗಳಿಗೆ ದಪ್ಪ-ತೆಳುವಿನ ಭೇದವಿಲ್ಲ, ಬಳುಕಿಲ್ಲ, ಬಾಲವಿಲ್ಲ. ಮೀಸೆ ಬೋಳಿಸಿಕೊಂಡು ಫೋಟೋಕ್ಕೆ ನಿಂತವರ ಹಾಗೆ ಬೋಳು ಬೋಳು. ಮೇಲಾಗಿ ಎಲ್ಲಕ್ಕೂ ಒಂದೇ ಅಗಲ. ಕಡ್ಡಿಯಂಥ ಅಲ್ಪವಿರಾಮ ಒತ್ತಿದರೂ ಕಾಗದ ಹೊತ್ತ ಗಾಡಿ ಅಷ್ಟೇ ಸರಿಯುತ್ತದೆ, ಮೂರು ಹೊಟ್ಟೆಯ ‘ಣ’ ಒತ್ತಿದರೂ ಅಷ್ಟೇ ಸರಿಯುತ್ತದೆ. ಹದಿನಾಲ್ಕು ವರ್ಷ ಅದರ ಮುಂದೆ ಕೂತು ‘ಎಂದಾದರೂ ನಿನ್ನಿಂದ ಬಿಡುಗಡೆ ಸಿಕ್ಕೀತೇ’ ಎಂದು ಹಲುಬಿದ್ದೇನೆ.

ಆ ಯಂತ್ರದಲ್ಲಿ ನಾನು ಮಾಡುತ್ತಿದ್ದ ಮುಖ್ಯ ಕೆಲಸ ನೀರಿನ ಪಾಳಿ ಪಟ್ಟಿ. ಎಡಗಡೆ ರೈತರ ಹೆಸರು. ಮೇಲೆ ಸೋಮವಾರದಿಂದ ಭಾನುವಾರದವರೆಗೆ ಏಳು ವಾರ. ಯಾರಿಗೆ ಯಾವ ದಿನ ನೀರೋ ಆ ವಾರದ ಕೆಳಗೆ ಅವರ ಸಾಲಿನಲ್ಲಿ ಒಂದು ಕತ್ತರಿ ಗುರುತು. ಸೋಮವಾರ ತುಂಬಿ ಬರುವ ನಾಲೆ ವಾರದ ಕೊನೆಗೆ ಸೊರಗುತ್ತದೆ; ಸೊರಗಿದ ನೀರು ಸದಾ ಒಬ್ಬರ ಪಾಲಿಗೇ ಬೀಳಬಾರದೆಂದು ಪಾಳಿಯನ್ನು ವಾರವಾರವೂ ಬದಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಹೊಸ ಪಟ್ಟಿ ತೂಬಿನ ಪಕ್ಕದ ಚಹಾ ಅಂಗಡಿಯ ಹಲಗೆಗೆ ಮೊಳೆ ಹೊಡೆಸಿಕೊಂಡು ನಿಲ್ಲುತ್ತಿತ್ತು. ಅದನ್ನು ಜನ ಹೇಗೆ ಓದುತ್ತಾರೆಂದು ನಾನು ಒಂದು ದಿನವೂ ಹೋಗಿ ನೋಡಿದವನಲ್ಲ. ಓದು ಬಾರದವರು ಯಾರನ್ನಾದರೂ ಕೇಳಿಕೊಳ್ಳುತ್ತಾರೆಂದು ತಿಳಿದಿದ್ದೆ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು, ಸಂಘಕ್ಕೆ ಕಂಪ್ಯೂಟರ್ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಮಾಡಿಕೊಡುವ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಶೈಲಜಾ ಎಂಬ ಹುಡುಗಿ ಬಂದು ಅದನ್ನು ಕೂರಿಸಿ, ಅದರೊಳಗೆ ಹನ್ನೆರಡು ಬಗೆಯ ಕನ್ನಡ ಅಕ್ಷರಗಳನ್ನು ತುಂಬಿ, ನನಗೆ ಒಂದು ವಾರ ಪಾಠ ಹೇಳಿ ಹೋದಳು. ಒಂಬತ್ತನೆಯ ಬಗೆಯ ಅಕ್ಷರವನ್ನು ಪರದೆಯ ಮೇಲೆ ಕಂಡಾಗ ನನ್ನ ಕಾಲು ನಿಂತಿತು. ಕೂತೇ ಇದ್ದೆನಾದರೂ ನಿಂತಿತು. ಬಳ್ಳಿ ಹಬ್ಬಿದ ಹಾಗೆ ಅಕ್ಷರ! ಪ್ರತಿ ಕೊಂಬಿಗೂ ಒಂದು ಕುಡಿ, ಪ್ರತಿ ದೀರ್ಘಕ್ಕೂ ಒಂದು ಜೋಕಾಲಿ. ಅವತ್ತೇ ಆ ಹಳೆಯ ಟೈಪ್‌ರೈಟರನ್ನು ಗೋಣಿಚೀಲದಲ್ಲಿ ಸುತ್ತಿ, ಅಧ್ಯಕ್ಷರ ಒಪ್ಪಿಗೆ ಪಡೆದು, ಬಸ್ಸಿನ ಟಾಪಿನ ಮೇಲೆ ಹಾಕಿಸಿ, ಸೊರಬದ ಟೈಪಿಂಗ್ ಶಾಲೆಯೊಂದಕ್ಕೆ ದಾನ ಮಾಡಿಬಿಟ್ಟೆ. ವಾರದ ಪಟ್ಟಿಯನ್ನು ಬಳ್ಳಿ ಅಕ್ಷರದಲ್ಲಿ ಮಾಡಿ ಕಳಿಸಿದೆ. ಅಧ್ಯಕ್ಷ ಚನ್ನಬಸಪ್ಪನವರು ಅದನ್ನು ಎರಡು ಕೈಯಲ್ಲಿ ಹಿಡಿದು, "ಏನ್ರೀ ಇದು ಕೃಷ್ಣಮೂರ್ತಿ, ನೀರಿನ ಪಟ್ಟಿನೋ, ನಿಮ್ಮನ್ಯಾಗಿನ ಗೃಹಪ್ರವೇಶನೋ?" ಎಂದರು. ಹೊಗಳಿಕೆಯೆಂದೇ ನಾನು ತೆಗೆದುಕೊಂಡೆ.

ಗುರುವಾರ ಬೆಳಿಗ್ಗೆ ನಾನು ಬಸ್ಸಿಳಿದು ಬಂದಾಗ ಗೊಬ್ಬರದ ಅಂಗಡಿಯ ಮುಂದೆ ಜನ ಸೇರಿದ್ದರು. ನಾಲೆಯ ತುದಿಯಲ್ಲಿ ಎರಡು ಎಕರೆ ಗದ್ದೆ ಇದ್ದ ಹಾಲಮ್ಮ ಎಂಬಾಕೆ ಹಿಂದಿನ ದಿನ, ಬುಧವಾರ, ತನ್ನ ಗದ್ದೆಗೆ ನೀರು ತಿರುಗಿಸಿಕೊಂಡಿದ್ದಳು. ಅದು ಅವಳ ಪಾಳಿಯಲ್ಲ. ಪಕ್ಕದ ಗದ್ದೆಯ ಗಂಗಾಧರಪ್ಪನದು. ಪಾಳಿ ಮುರಿದವರಿಗೆ ಮುಂದಿನ ಪಾಳಿ ಇಲ್ಲವೆಂಬುದು ಸಂಘದ ಕಟ್ಟುನಿಟ್ಟಿನ ನಿಯಮ. ಹಾಲಮ್ಮನ ಭತ್ತ ಆಗ ತೆನೆ ಬಿಚ್ಚುವ ಹಂತದಲ್ಲಿತ್ತು. ಆ ಹೊತ್ತಿನಲ್ಲಿ ಒಂದು ನೀರು ತಪ್ಪಿದರೆ ತೆನೆಯಲ್ಲಿ ಕಾಳಿಗೆ ಬದಲು ಹೊಟ್ಟು ಎಂಬುದನ್ನು ಗದ್ದೆಯ ಮುಖ ನೋಡದ ನನಗೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನ್ ಪಾಳ್ಯಾಗ ಈಯಮ್ಮ ನೀರು ಕಟ್ಕಂಡಾಳ. ಯಾಕಂತ ಕೇಳಿದ್ರ ಕಸಬರಿಗಿ ಕಡ್ಡಿ ತೋರಸ್ತಾಳ ನೋಡ್ರೀ!" ಎಂದು ಗಂಗಾಧರಪ್ಪ ಕೂಗಾಡುತ್ತಿದ್ದ.

"ಕಡ್ಡಿ ಸುಳ್ಳು ಹೇಳಂಗಿಲ್ಲ. ಹಾಳಿ ಸುಳ್ಳು ಹೇಳೈತಿ," ಎಂದಳು ಹಾಲಮ್ಮ. ಅರವತ್ತರ ಹತ್ತಿರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದಳು. ಕೈಯಲ್ಲಿ ನಿಜವಾಗಿಯೂ ಒಂದು ಕಡ್ಡಿ ಇತ್ತು.

ಆಗ ಗೊತ್ತಾಯಿತು ನನಗೆ, ಹದಿನಾಲ್ಕು ವರ್ಷದಿಂದ ನನ್ನ ಪಟ್ಟಿಯನ್ನು ಹೇಗೆ ಓದುತ್ತಿದ್ದರೆಂದು. ಹಾಲಮ್ಮನಿಗೆ ಅಕ್ಷರ ಬಾರದು. ಗಂಡ ತೀರಿಕೊಂಡ ಮೇಲೆ ಒಮ್ಮೆ ಪಾಳಿ ಯಾವತ್ತೆಂದು ಮೈದುನನನ್ನು ಕೇಳಿದ್ದಳಂತೆ. ಅವನು ಬೇಕೆಂದೇ ಬೇರೆ ದಿನ ಹೇಳಿ ನೀರು ತಾನು ಹಾಯಿಸಿಕೊಂಡನಂತೆ. ಅಂದಿನಿಂದ ಅವಳು ಯಾರನ್ನೂ ಕೇಳುವುದಿಲ್ಲ. ಪಟ್ಟಿಯಲ್ಲಿ ತನ್ನ ಹೆಸರು ಗಿಡ್ಡ, ಅದರ ಮೇಲಿನದು ಕೆಳಗಿನದು ಎರಡೂ ಉದ್ದ ಎಂಬುದನ್ನು ಗುರುತಿಟ್ಟುಕೊಂಡು ಸಾಲು ಹಿಡಿಯುತ್ತಿದ್ದಳು. ಆ ಸಾಲಿನ ಕತ್ತರಿ ಗುರುತಿನಿಂದ ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಅದು ಮುಟ್ಟಿದ ವಾರ ಎಡದಿಂದ ಎಷ್ಟನೆಯದೆಂದು ಎಣಿಸಿ, ದಿನ ತಿಳಿದುಕೊಳ್ಳುತ್ತಿದ್ದಳು. ಅವಳೊಬ್ಬಳೇ ಅಲ್ಲ, ಇನ್ನೂ ಹತ್ತು ಹನ್ನೆರಡು ಜನ ಹೀಗೇ ಓದುತ್ತಿದ್ದರು. ಚಹಾ ಅಂಗಡಿಯವನು ಹಲಗೆಯ ಪಕ್ಕದಲ್ಲಿ ಒಂದು ಹಿಡಿ ಕಡ್ಡಿ ಸಿಕ್ಕಿಸಿಯೇ ಇಟ್ಟಿದ್ದನಂತೆ. ನಾಟಿಗೆ ಗಂಟು ಹಾಕಿದ ಹಗ್ಗ ಹಿಡಿದು ಗಂಟಿಗೊಂದು ಸಸಿ ಊರುವ ಜನ ಅವರು. ಸಾಲು ಸಾಲಾಗಿದ್ದರೆ ಯಾವುದನ್ನೂ ಓದಬಲ್ಲರು.

ನಾನು ಟೈಪ್‌ರೈಟರಿನ ಅಭ್ಯಾಸದಲ್ಲಿ ಕಂಪ್ಯೂಟರಿನಲ್ಲೂ ಸ್ಪೇಸ್ ಬಾರನ್ನು ಎಣಿಸಿ ಒತ್ತುತ್ತಾ ಹೋಗಿದ್ದೆ. ಆದರೆ ಬಳ್ಳಿ ಅಕ್ಷರಗಳು ಒಂದೊಂದೂ ತನಗಿಷ್ಟ ಬಂದಷ್ಟು ಜಾಗ ಹಿಡಿದು ಕೂತಿದ್ದವು. ಒಂದೊಂದು ಹೆಸರಿಗೆ ಒಂದೊಂದು ರೀತಿ ಕತ್ತರಿಗಳೆಲ್ಲ ಎಡಕ್ಕೋ ಬಲಕ್ಕೋ ಜರುಗಿ ಹೋಗಿದ್ದವು. ಅಕ್ಷರ ನೋಡುವ ಸಂಭ್ರಮದಲ್ಲಿ ನಾನು ಪಟ್ಟಿಯನ್ನು ನೋಡಿರಲೇ ಇಲ್ಲ. ಓದು ಬಲ್ಲವರೂ, ಕಡ್ಡಿ ಹಿಡಿಯುವ ಉಳಿದವರೂ ಅನುಮಾನ ಬಂದು ನಾಲೆಯ ನೀರು ಬಿಡುವ ನೀರುಗಂಟಿಯನ್ನು ಕೇಳಿಕೊಂಡರು. ಯಾರನ್ನೂ ಕೇಳದ ಹಾಲಮ್ಮ ಕಡ್ಡಿಯನ್ನು ನಂಬಿದಳು.

"ಹಾಳಿ ಮಾಡಿದೋರು ನೀವು. ಏನಂತೀರಿ?" ಎಂದು ಚನ್ನಬಸಪ್ಪನವರು ಹಲಗೆಯಿಂದ ಕಿತ್ತು ತಂದಿದ್ದ ಪಟ್ಟಿ ಚಾಚಿ ನನ್ನ ಕಡೆ ತಿರುಗಿದರು.

ಸತ್ಯ ಹೇಳುತ್ತೇನೆ, ತಪ್ಪನ್ನು ಪ್ರಿಂಟರಿನ ಮೇಲೆ ಹಾಕಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಪ್ರಿಂಟರ್ ಎದುರಾಡುವುದಿಲ್ಲ, ಊರಿಗೆ ಹೊಸತು, ಯಾರಾದರೂ ನಂಬುತ್ತಿದ್ದರು. ಆದರೆ ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಇವನೂ ಮೈದುನನ ಜಾತಿಯವನೋ ಏನೋ ಎಂದು ಅಳೆಯುವವಳ ಹಾಗೆ. ನನಗೆ ನಾಚಿಕೆಯಾಯಿತು. ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು, ಎಲ್ಲರೆದುರು ಪಟ್ಟಿಯ ಮೇಲೆ ಹಿಡಿದು, "ಗುರುವಾರಕ್ಕೆ ಬರಬೇಕಾದ ಗುರುತು ಬುಧವಾರಕ್ಕೆ ಬಂದಿದೆ. ತಪ್ಪು ನಂದು. ಅಕ್ಷರ ಚಂದ ಕಾಣಲಿ ಅಂತ ಹೋಗಿ ಹೀಗಾಯ್ತು," ಎಂದೆ. ಗಂಗಾಧರಪ್ಪ ಪಟ್ಟಿಯ ಹತ್ತಿರ ಬಂದು ತಾನೂ ಕಡ್ಡಿ ಹಿಡಿದು ನೋಡಿ, "ಥೂ, ಇದರಾಗ ನನ್ ಕತ್ರಿ ಮಂಗಳವಾರಕ್ಕ ಕುಂತೈತಿ," ಎಂದು ತಣ್ಣಗಾದ.

ಚನ್ನಬಸಪ್ಪನವರು ತೀರ್ಮಾನ ಹೇಳಿದರು. ಇವತ್ತಿನ ಹಾಲಮ್ಮನ ನೀರು ಗಂಗಾಧರಪ್ಪನಿಗೆ, ಅಲ್ಲಿಗೆ ಸರಿಸಮ. "ಇದೊಂದ್ಸಲ ಮಾಫಿ. ಆದ್ರ ಬರೋ ವಾರದ ಪಟ್ಟಿ ನೋಡ್ಕಂಡು ಈಯಮ್ಮ ಮತ್ತ ದಿನ ತಪ್ಪಿದ್ರ ಮುಂದಿನ ನೀರು ಬಂದ್. ನಿಯಮ ಅಂದ್ರ ನಿಯಮ. ಕೃಷ್ಣಮೂರ್ತಿ, ಮೊದಲಿನ ಹಂಗ ಮನಿ ಮನಿ ಇರೋ ಪಟ್ಟಿ ಭಾನುವಾರಕ್ಕ ಬರ್ಬೇಕು ನೋಡ್ರೀ."

"ದಿನ ಯಾವ್ದಂತ ಬಾಯಾಗ ಹೇಳಿ ಬಿಡ್ರೀ ಸಾಕು," ಎಂದ ಗಂಗಾಧರಪ್ಪ.

"ಯಾರೂ ನಂಗ ಹೇಳಾದು ಬ್ಯಾಡ. ನಾನೇ ನೋಡ್ಕಂತೀನಿ," ಎಂದು ಹಾಲಮ್ಮ ಕಡ್ಡಿಯನ್ನು ವಾಪಸು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಎರಡು ಎಕರೆ ತೆನೆ ನನ್ನ ಬೆರಳ ತುದಿಗೆ ಬಂದು ಕೂತಿತು.

ಮೊದಲು ಹೊಳೆದದ್ದು ಸುಲಭದ ದಾರಿ: ಟೈಪ್‌ರೈಟರನ್ನು ವಾಪಸು ತರುವುದು. ಅಂದೇ ಸಂಜೆ ಸೊರಬದಲ್ಲಿಳಿದು ಟೈಪಿಂಗ್ ಶಾಲೆಗೆ ಹೋದೆ. ನನ್ನ ಆ ಹಳೆಯ ವೈರಿಯ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಕೂತು, ನಾಲಿಗೆ ಕಚ್ಚಿಕೊಂಡು, ಪಟಪಟ ಕುಟ್ಟುತ್ತಿದ್ದಳು. ಮೇಷ್ಟ್ರು ಸಂತೋಷದಿಂದ, "ನೀವು ಪುಣ್ಯ ಕಟ್ಕೊಂಡ್ರಿ ಮಾರಾಯ್ರೆ. ಈ ಮಿಷನ್ ಬರದೇ ಇದ್ದಿದ್ರೆ ಇವಳು ಈ ಸಲ ಪರೀಕ್ಷೆಗೆ ಕೂರೋ ಹಾಗೇ ಇರ್ಲಿಲ್ಲ," ಎಂದರು. ಇನ್ನು ಮೂರು ವಾರಕ್ಕೆ ಪರೀಕ್ಷೆಯಂತೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಹುಡುಗಿಗೆ ಬೆನ್ನು ನೆಟ್ಟಗಿಟ್ಟು ಕೂರಲು ಹೇಳಿ ಬಂದೆ. ಮನೆಯಲ್ಲಿ ಸುಮಿತ್ರಾ ಎಲ್ಲ ಕೇಳಿಸಿಕೊಂಡು, "ಅಷ್ಟು ಅಕ್ಷರ ಅಕ್ಷರ ಅಂತ ಸಾಯ್ತೀರಲ್ಲ, ಎಂತಕ್ಕೆ ಬೇರೆಯವ್ರದ್ದು ಕಾಯೋದು? ನೀವೇ ಬಿಡಿಸಿ," ಎಂದಳು. ಗೇಲಿ ಮಾಡಲು ಹೇಳಿದ ಮಾತು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಶುಕ್ರವಾರ ಶೈಲಜಾಳ ಅಂಗಡಿಯಲ್ಲಿ ಹೋಗಿ ಕೂತೆ. ಅವಳು ಮೊದಲು ಗೆರೆ ಹಾಕಿದ ಕೋಷ್ಟಕ ಮಾಡಿ ತೋರಿಸಿದಳು. ಕತ್ತರಿಗಳೇನೋ ಸರಿಯಾದವು, ಆದರೆ ಬಳ್ಳಿ ಅಕ್ಷರದಲ್ಲಿ ಹಾಲಮ್ಮನ ಹೆಸರು ಕುಡಿ ಚಾಚಿಕೊಂಡು ಪಕ್ಕದವರಷ್ಟೇ ಉದ್ದವಾಗಿತ್ತು. ಹೋದ ಸಲ ಹೇಗೋ ಅಂದಾಜಿನಲ್ಲಿ ಸಾಲು ಸಿಕ್ಕಿತ್ತು, ಪ್ರತಿ ವಾರ ಸಿಗದು. ಉಳಿದ ಹನ್ನೊಂದು ಬಗೆಗಳೂ ಅಷ್ಟೇ, ಯಾವುದಕ್ಕೂ ತನ್ನ ಮಿತಿ ಗೊತ್ತಿರಲಿಲ್ಲ. "ಹೊಸ ಅಕ್ಷರ ಮಾಡೋ ಸಾಫ್ಟ್‌ವೇರ್ ನನ್ನ ಹತ್ರ ಇದೆ ಸಾರ್. ಬಿಡಿಸೋರು ಬೇಕಷ್ಟೆ," ಎಂದು ಅವಳು ನನ್ನ ಮುಂದೆ ಗ್ರಾಫ್ ಹಾಳೆ ಇಟ್ಟಳು. ಒಂದು ಅಕ್ಷರಕ್ಕೆ ಹದಿನೆಂಟು ಚೌಕ ಅಗಲ, ಇಪ್ಪತ್ತನಾಲ್ಕು ಚೌಕ ಎತ್ತರದ ಒಂದು ಮನೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಜೀವಮಾನವಿಡೀ ಅಕ್ಷರಗಳ ಚಂದ ನೋಡಿದ್ದ ನನಗೆ ಅವುಗಳ ಸ್ವಭಾವ ತಿಳಿದದ್ದು ಆ ಎರಡು ದಿನಗಳಲ್ಲಿ. ಎಲ್ಲ ಅಕ್ಷರ ಬಿಡಿಸಲು ಪುರಸೊತ್ತಿರಲಿಲ್ಲ. ಪಟ್ಟಿಯ ಹೆಸರುಗಳಿಗೆ ಬೇಕಾದಷ್ಟು ಸಾಕೆಂದು ಹೊರಟೆ. ಮೊದಲು ‘ಪ್ಪ’. ‘ಪ್ಪ’ ಇಲ್ಲದೆ ಶಿಕಾರಿಪುರದಲ್ಲಿ ಗಂಡಸರ ಪಟ್ಟಿ ಮಾಡಲು ಸಾಧ್ಯವೇ? ಆಮೇಲೆ ‘ಮ್ಮ’. ಒತ್ತಕ್ಷರಕ್ಕೆ ಬೇರೆ ಮನೆ ಕೊಟ್ಟರೆ ಎಣಿಕೆ ತಪ್ಪುತ್ತದೆಂದು ಅದೇ ಮನೆಯ ನೆಲಮಾಳಿಗೆಯಲ್ಲಿ ಅವಕ್ಕೆ ಜಾಗ ಮಾಡಿದೆ. ‘ಣ’ ಒಳಗೆ ಬರಲೊಪ್ಪದೆ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಅದರ ಹೊಟ್ಟೆ ಒತ್ತಿ, ಉಸಿರು ಬಿಗಿಹಿಡಿಸಿ ಒಳಗೆ ಸೇರಿಸಿದೆ. ದೀರ್ಘದ ಅಕ್ಷರಗಳು ಸೊರಬದ ಬಸ್ಸಿನಲ್ಲಿ ಟವೆಲ್ ಹಾಕಿ ಪಕ್ಕದ ಸೀಟು ಹಿಡಿಯುವವರ ಜಾತಿ. ಅವುಗಳ ಟವೆಲ್ ಮಡಿಸಿ ತೊಡೆಯ ಮೇಲಿಟ್ಟೆ. ನಿಜವಾದ ಕಷ್ಟ ಕೊಟ್ಟದ್ದು ‘ರ’. ಪಾಪದ ಸಣ್ಣ ಅಕ್ಷರ, ಅಷ್ಟು ಅಗಲದ ಮನೆಯಲ್ಲಿ ಒಂಟಿಯಾಗಿ ನಿಂತು ಎರಡು ಪಕ್ಕವೂ ಭಣಗುಡುತ್ತಿತ್ತು. ಎಳೆದು ಅಗಲ ಮಾಡಿದೆ. "ಸಾರ್, ಈ ‘ರ’ಗೆ ಯಾಕೋ ಹೊಟ್ಟೆ ಬಂದಂಗಿದೆ," ಎಂದಳು ಶೈಲಜಾ. ಹನ್ನೊಂದು ಸಲ ಅಳಿಸಿ ಬರೆದ ಮೇಲೆ ‘ರ’ ಸಮಾಧಾನವಾಗಿ ಕಾಲು ಚಾಚಿ ಕೂತಿತು. ಕುಡಿ ಇಲ್ಲ, ಬಾಲ ಇಲ್ಲ, ಎಲ್ಲ ಕಡೆ ಒಂದೇ ದಪ್ಪದ ಗೆರೆ. ಶನಿವಾರ ಮಧ್ಯಾಹ್ನ ಪ್ರಿಂಟರಿನಿಂದ ಹೊರಬಂದ ಪಟ್ಟಿಯನ್ನು ನೋಡಿದರೆ ನಾನು ಹದಿನಾಲ್ಕು ವರ್ಷ ದ್ವೇಷಿಸಿದ ಟೈಪ್‌ರೈಟರಿನ ತಮ್ಮನೇ ಎದ್ದು ಬಂದ ಹಾಗಿತ್ತು. ಕಣ್ಣು ತುಂಬಿ ಬಂತು, ಕಣ್ಣುರಿಯೂ ಇದ್ದೀತು.

ಒಂದು ಸಾಲು ಮಾತ್ರ ಹಾಗೇ ಉಳಿಯಿತು. ಪಟ್ಟಿಯ ಅಡಿಯಲ್ಲಿ ಸಿದ್ಧಪಡಿಸಿದವನ ಹೆಸರು ಹಾಕುವುದು ರೂಢಿ. ರೈತರ ಹೆಸರುಗಳಲ್ಲಿ ಎಲ್ಲೂ ‘ಷ್ಣ’ ಇರಲಿಲ್ಲವಾದ್ದರಿಂದ ನಾನು ‘ಷ್ಣ’ ಬಿಡಿಸಿರಲಿಲ್ಲ. ಹೀಗಾಗಿ ‘ಕೃಷ್ಣಮೂರ್ತಿ’ ಬಳ್ಳಿ ಅಕ್ಷರದಲ್ಲೇ ಉಳಿದ. ಸಮಯ ಸಾಲದೆ ಹಾಗಾಯಿತೆಂದು ಓದುಗರು ನಂಬಬೇಕಾಗಿ ಪ್ರಾರ್ಥನೆ.

ಭಾನುವಾರ ರಜೆ, ಆದರೂ ನಾನು ಬಸ್ಸು ಹತ್ತಿ ಮೊದಲ ಸಲ ಆ ಚಹಾ ಅಂಗಡಿಗೆ ಹೋಗಿ ಕೂತೆ. ಎರಡನೆಯ ಚಹಾದ ಹೊತ್ತಿಗೆ ಹಾಲಮ್ಮ ಬಂದಳು. ನನ್ನನ್ನು ನೋಡಿಯೂ ನೋಡದವಳ ಹಾಗೆ ನೇರ ಹಲಗೆಯ ಹತ್ತಿರ ಹೋದಳು. ಹೆಸರುಗಳ ಮೇಲೆ ಹೆಬ್ಬೆರಳು ಊರುತ್ತ ಬಂದಳು. ಗಂ-ಗಾ-ಧ-ರ-ಪ್ಪ, ಐದು ಮನೆ. ಅದರ ಕೆಳಗೆ ಮೂರೇ ಮನೆ. ಅದರ ಕೆಳಗೆ ಮತ್ತೆ ಐದು. ಹೆಬ್ಬೆರಳು ಮೂರು ಮನೆಯ ಸಾಲಿನಲ್ಲಿ ನಿಂತಿತು. ಕಡ್ಡಿ ಮೇಲೇರಿತು. ತುಟಿ ಅಲ್ಲಾಡಿಸುತ್ತ ಎಡದಿಂದ ಎಣಿಸಿದಳು. ‘ಮಂಗಳವಾರ, ಮಂಗಳವಾರ’ ಎಂದು ನನ್ನ ಬಾಯಿ ತುರಿಸುತ್ತಿತ್ತು. ಚಹಾ ಸುರಿದು ಅದನ್ನು ಸುಮ್ಮನಿರಿಸಿದೆ. ಅವಳು ಕಡ್ಡಿಯನ್ನು ಹಲಗೆಯ ಸಂದಿಗೆ ಸಿಕ್ಕಿಸಿ ಹೊರಟುಹೋದಳು. ಮಂಗಳವಾರದವರೆಗೆ ನನಗೆ ಅನ್ನ ರುಚಿಸಲಿಲ್ಲ. ಮಂಗಳವಾರ ಕಚೇರಿಗೆ ಅರ್ಧ ದಿನ ರಜೆ ಬರೆದು ನಾಲೆಯ ತುದಿಗೆ ನಡೆದೆ. ಹಾಲಮ್ಮ ಸಲಿಕೆ ಹಿಡಿದು, ನೀರು ಒಳಬಿಡಲು ಗದ್ದೆಯ ಮಡೆ ಬಿಚ್ಚುತ್ತಿದ್ದಳು. ಪಕ್ಕದ ಬದುವಿನ ಮೇಲೆ ನಿಂತಿದ್ದ ಗಂಗಾಧರಪ್ಪ ನನ್ನತ್ತ ತಲೆಯಾಡಿಸಿದ. ನೀರು ತೆನೆಯ ಬುಡಕ್ಕೆ ಹರಿದು ಹೋಗುವುದನ್ನು ನಾನು ಅಷ್ಟು ಹೊತ್ತು ನಿಂತು ನೋಡಿದ್ದು ಅದೇ ಮೊದಲು. ಬಳ್ಳಿ ಅಕ್ಷರಕ್ಕಿಂತ ಚಂದವಿತ್ತು.

ಆಮೇಲೆ ನನ್ನ ಬೋಳು ಅಕ್ಷರಕ್ಕೆ ಬಂದ ಬೇಡಿಕೆ ಹೇಳಿಕೊಂಡರೆ ಜಂಬವಾದೀತು. ಹಾಲಿನ ಡೇರಿಯವರು ತಮ್ಮ ಪಟ್ಟಿಗೆ ಕೇಳಿದರು. ಉಡುತಡಿಯ ಶಾಲೆಯ ಮೇಷ್ಟ್ರೊಬ್ಬರು ವೇಳಾಪಟ್ಟಿಗೆಂದು ಒಯ್ದರು. ಕುಬಟೂರಿನಲ್ಲಿದ್ದ ಸುಮಿತ್ರಾಳ ಅಣ್ಣ ದೇವಸ್ಥಾನದಲ್ಲಿ ಯಾವ ಮನೆಯವರ ಪೂಜೆ ಯಾವತ್ತೆಂದು ಹಾಕಲು ಕೇಳಿದ. ಅವರ ಊರಿಗಾಗಿ ‘ಘ’ ಮತ್ತು ‘ಠ’ ಹೊಸದಾಗಿ ಬಿಡಿಸಬೇಕಾಯಿತು. ಲಗ್ನಪತ್ರಿಕೆಗೆ ಮಾತ್ರ ಯಾರೂ ಕೇಳಲಿಲ್ಲ. ಶೈಲಜಾಳ ಮದುವೆಯಾದಾಗ ಒಂದು ಮಾತು ಹೇಳಿ ನೋಡಿದೆ. ಅವಳು ನಕ್ಕು, "ಸಾರ್, ಮದ್ವೆ ಒಂದೇ ಸಲ," ಎಂದಳು.

ಕೊಯ್ಲು ಮುಗಿದು, ಬೇಸಿಗೆ ಬೆಳೆಗೆ ಮತ್ತೆ ನೀರು ಬಿಟ್ಟ ವಾರಗಳಲ್ಲಿ ನಾನು ಭಾನುವಾರ ಚಹಾ ಅಂಗಡಿಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಒಂದು ದಿನ ಹಾಲಮ್ಮ ಪಟ್ಟಿಯ ಮುಂದೆ ನಿಂತು ನನ್ನನ್ನು ಕರೆದಳು. "ಸಾರ್, ಇಲ್ನೋಡ್ರೀ. ಇದು ಹಾ, ಇದು ಲ, ಇದು ಮ್ಮ. ಇದೇ ಮ್ಮ ಅಲ್ಲಿ ರುದ್ರಮ್ಮನ ಮನ್ಯಾಗೂ ಐತಿ, ಈರಮ್ಮನ ಮನ್ಯಾಗೂ ಐತಿ." ಬೆರಳು ಒಂದೊಂದೇ ಮನೆಯ ಬಾಗಿಲು ತಟ್ಟುತ್ತ ಹೋಯಿತು. ಯಾರ ಗದ್ದೆಯಾದ ಮೇಲೆ ಯಾರ ಗದ್ದೆಯೆಂಬುದು ಅವಳಿಗೆ ಬಾಯಿಪಾಠ. ಹಾಗೆ ಹೆಸರು ಹಿಡಿದು ಅಕ್ಷರಗಳನ್ನು ಒಂದೊಂದಾಗಿ ಗುರುತು ಮಾಡಿಕೊಂಡಿದ್ದಳು. ಹಿಂದೊಮ್ಮೆ ಊರಿನ ಸಾಕ್ಷರತೆ ತರಗತಿಗೆ ನಾಲ್ಕು ದಿನ ಹೋಗಿ ಬಿಟ್ಟವಳು ಅವಳು. ನನ್ನ ಅಕ್ಷರವನ್ನು ಚಂದವೆಂದವರು ಯಾರೂ ಇರಲಿಲ್ಲ. ಆದರೆ ಅದರಲ್ಲಿ ಓದು ಕಲಿತವಳೊಬ್ಬಳು ನನ್ನ ಮುಂದೆ ನಿಂತಿದ್ದಳು. ಅಷ್ಟರಲ್ಲಿ ಅವಳ ಬೆರಳು ಪಟ್ಟಿಯ ಅಡಿಗೆ ಬಂತು. "ಪೂರಾ ಓದ್ತೀನಿ ಈಗ. ಕೆಳಗ ಈ ಹೂವಿನ ಬಳ್ಳಿ ಯಾಕ ಬಿಡ್ಸೀರಿ? ಚಂದಕ್ಕಾ?"

"ಹೂಂ, ಚಂದಕ್ಕೆ," ಎಂದೆ. ಬೇರೇನು ಹೇಳಲಿ?

ಮರುದಿನವೇ ಕೂತು ‘ಷ್ಣ’ ಬಿಡಿಸಿದೆ. ಅರ್ಧ ಗಂಟೆ ಹಿಡಿಯಿತು. ಮುಂದಿನ ಭಾನುವಾರದ ಪಟ್ಟಿಯಲ್ಲಿ ‘ಕೃಷ್ಣಮೂರ್ತಿ’ ಕುಡಿ ಕತ್ತರಿಸಿಕೊಂಡು, ನಾಲ್ಕು ಮನೆಗಳಲ್ಲಿ, ಎಲ್ಲರ ಕೆಳಗೆ ಎಲ್ಲರಂತೆ ಕೂತಿದ್ದ. ಹಾಲಮ್ಮ ಹೆಬ್ಬೆರಳಿಟ್ಟು ಎಣಿಸಿದಳು. "ಇದ್ಯಾರು ಹೊಸಬ್ರು?"

"ನಾನೇ ಕಣಮ್ಮ."

"ನೀವಾ!" ಎಂದು ಅವಳು ಸಂತೋಷದಿಂದ ಹಲಗೆಯ ಸಂದಿಯ ಕಡ್ಡಿ ಎಳೆದುಕೊಂಡಳು. ನನ್ನ ಸಾಲಿನ ಮೇಲೆ ಅದನ್ನು ಅಡ್ಡ ಹಿಡಿದು ಸೋಮವಾರದಿಂದ ಭಾನುವಾರದವರೆಗೆ ಒಮ್ಮೆ ನೋಡಿದಳು, ಭಾನುವಾರದಿಂದ ಸೋಮವಾರದವರೆಗೆ ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಮರುಕದಿಂದ ಹೇಳಿದಳು: "ಪಾಪ, ನಿಮ್ಗ ಒಂದಿನನೂ ನೀರಿಲ್ಲಲ್ರೀ ಸಾರ್."